ಮೂರು ಕೂಗು, ಒಂದು ಓ

ಭಟ್ಕಳದಿಂದ ಕುಮಟೆಯವರೆಗಿನ ಮೀನುಗಾರರ ಮನೆಗಳಲ್ಲಿ 'ದಡ' ಎಂಬ ಜಾಲತಾಣದ ಹೆಸರು ಕೇಳದವರು ವಿರಳ. ಅದನ್ನು ಹದಿನೆಂಟು ವರ್ಷ ಕಟ್ಟಿ, ಕಾಯ್ದು, ಅದಕ್ಕಾಗಿ ಊರವರಿಂದ ಬೈಸಿಕೊಂಡು ಬೆಳೆಸಿದ ರೋಹಿಣಿ ತಿಮ್ಮ ಅಂಬಿಗರ ಹೆಸರು ಕೇಳಿದವರು ಅದಕ್ಕಿಂತಲೂ ವಿರಳ. ಕಂಪ್ಯೂಟರಿನ ಲೋಕದಲ್ಲಿ ಹೊಸದನ್ನು ತಂದವರಿಗೆ ಹಾರ ತುರಾಯಿ ಸಲ್ಲುತ್ತದೆ. ಹಳೆಯದನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದರೆ ಯಾರು ಹೊರಗುಳಿಯುತ್ತಾರೆ ಎಂದು ತಲೆ ಕೆಡಿಸಿಕೊಂಡವರನ್ನು ಯಾವ ವೇದಿಕೆಗೂ ಕರೆಯುವ ರೂಢಿಯಿಲ್ಲ. ರೋಹಿಣಿಯವರ ಕ್ಷೇತ್ರ ಆ ಎರಡನೆಯದು, ಮತ್ತು ನಮ್ಮ ಕರಾವಳಿಯ ಮಟ್ಟಿಗೆ ಅದರಲ್ಲಿ ಅವರಿಗೆ ಸಮಾನರು ಇಲ್ಲ.

ವೇದಿಕೆಯ ಮಾತು ಬಂದದ್ದರಿಂದ ಹೇಳಿಬಿಡುವುದು ಮೇಲು. ಕಳೆದ ವರ್ಷ ಮೇ ಮೂವತ್ತೊಂದರಂದು ಹೊನ್ನಾವರದಲ್ಲಿ, ನಮ್ಮ ಮೂರು ತಾಲೂಕುಗಳ ಮೀನುಗಾರರ ಸಹಕಾರಿ ಒಕ್ಕೂಟದ ಸಭಾಭವನದಲ್ಲಿ, ಸಂಜೆ ನಾಲ್ಕಕ್ಕೆ ಅವರ ಬೀಳ್ಕೊಡುಗೆ ನಿಗದಿಯಾಗಿತ್ತು. ಶಾಲು, ಫಲತಾಂಬೂಲ, ಗಂಧದ ಹಾರ ಎಲ್ಲ ಸಿದ್ಧವಿದ್ದವು. ಬರಬೇಕಾದ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬಂದಿದ್ದರು. ಮೂವತ್ತಾರು ವರ್ಷ ಒಂದು ದಿನವೂ ತಡವಾಗಿ ಬಾರದಿದ್ದ ರೋಹಿಣಿಯವರು ಅಂದು ಬರಲೇ ಇಲ್ಲ. ಐದೂವರೆಯವರೆಗೆ ಕಾದ ಅಧ್ಯಕ್ಷರಾದ ಕಮಲಾಕರ ಶಾನಭಾಗರು ಕೊನೆಗೆ ಖಾಲಿ ಕುರ್ಚಿಗೇ ಶಾಲು ಹೊದೆಸಿ, ಖಾಲಿ ಕುರ್ಚಿಯನ್ನೇ ಉದ್ದೇಶಿಸಿ ನಾಲ್ಕು ಮಾತಾಡಿ, ಎಲ್ಲರಿಗೂ ಚಹಾ ಕೊಡಿಸಿ ಕಳಿಸಿದರು. ಆ ಹೊತ್ತಿನಲ್ಲಿ ರೋಹಿಣಿಯವರು ಎಲ್ಲಿದ್ದರು ಎಂಬುದಕ್ಕೆ, ಒಕ್ಕೂಟದ ಸಹೋದ್ಯೋಗಿಗಳಾದ ನಾವು ಅವರ ಅಭಿನಂದನ ಸಂಪುಟಕ್ಕೆಂದು ಬರೆದ ಈ ಲೇಖನವೇ ಉತ್ತರ. ಬರೆಯಲು ಅವರ ಒಪ್ಪಿಗೆ ಇದೆ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಶರಾವತಿಯ ಅಳಿವೆಯಿಂದ ಒಂದಿಷ್ಟು ಮೇಲಕ್ಕೆ, ಈಗ ಸೇತುವೆ ಬಂದು ಹೆಸರೇ ಅಳಿಸಿಹೋಗಿರುವ ಒಂದು ತಾರಿಬಾಗಿಲು ಇತ್ತು. ಜನರನ್ನು ದೋಣಿಗೆ ಹತ್ತಿಸಿ ಇಳಿಸುವ ಕಟ್ಟೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಅಲ್ಲಿ ದೋಣಿ ನಡೆಸುತ್ತಿದ್ದವರು ರೋಹಿಣಿಯವರ ತಂದೆ ತಿಮ್ಮ ಅಂಬಿಗರು. ಹೊತ್ತು ಮುಳುಗಿ ದೋಣಿ ಕಟ್ಟುವ ಮುನ್ನ ಅಂಬಿಗ ಆಚೆ ದಡಕ್ಕೆ ಮೂರು ಸಲ ಕೂಗಬೇಕು, "ಯಾರಾರೂ ಇದ್ರಾ?" ಎಂದು. ಆಚೆಯಿಂದ ಮೂರು ಸಲವೂ ಓ ಎಂದರೆ ದೋಣಿ ಬಿಡಬೇಕು. ಒಂದೇ ಸಲ ಓ ಎಂದು ಸುಮ್ಮನಾದರೆ ಬಿಡಕೂಡದು. ಸತ್ತವರಿಗೆ ಒಂದೇ ಕೂಗಿನ ಶಕ್ತಿ, ಬದುಕಿದವರು ಎಷ್ಟು ಕೂಗಿದರೂ ಓಗೊಡುತ್ತಾರೆ ಎಂಬುದು ಹಿಂದಿನವರಿಂದ ಬಂದ ನಂಬಿಕೆ.

ರೋಹಿಣಿಯವರಿಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಮುಸ್ಸಂಜೆ, ತಂದೆಯ ಮೊದಲ ಕೂಗಿಗೆ ಆಚೆಯಿಂದ ಓ ಎಂಬ ದನಿ ಬಂತು. ಎರಡನೆಯ ಕೂಗಿಗೆ ಬರಲಿಲ್ಲ. ಮೂರನೆಯದಕ್ಕೂ ಬರಲಿಲ್ಲ.

"ಅಪ್ಪಾ, ಅದು ಚಿಕ್ಕಿ ದನಿ," ಎಂದರು ರೋಹಿಣಿ. ಚಿಕ್ಕಿ ಎಂದರೆ ತಾಯಿಯ ತಂಗಿ ಸೀತೆ. ಆಚೆ ದಡದ ಹಳ್ಳಿಗೆ ಕೊಟ್ಟಿದ್ದವಳು.

"ಒಂದು ಓಗೆ ದೋಣಿ ಬಿಡೂಕಾಗ ಮಗಾ," ಎಂದು ತಿಮ್ಮ ಅಂಬಿಗರು ಹಗ್ಗ ಬಿಗಿದರು.

ಮರುದಿನ ಬೆಳಿಗ್ಗೆ ಆಚೆ ಕಟ್ಟೆಯ ಹೊನ್ನೆ ಮರಕ್ಕೆ ಒರಗಿ ಕುಳಿತ ಹಾಗೆಯೇ ಸೀತೆಯ ಹೆಣ ಸಿಕ್ಕಿತು. ಕಾಲಿಗೆ ಹಾವು ಕಚ್ಚಿತ್ತು; ಹೊನ್ನಾವರದ ಆಸ್ಪತ್ರೆಗೆಂದು ಒಬ್ಬಳೇ ನಡೆದು ಬಂದಿದ್ದಳು. ಪರೀಕ್ಷೆ ಮಾಡಿದ ಡಾಕ್ಟರು, ಜೀವ ಹೋದದ್ದು ಹಿಂದಿನ ದಿನ ಮಧ್ಯಾಹ್ನವೇ ಎಂದರು. ಡಾಕ್ಟರ ಮಾತು ತಪ್ಪಾಗಿದ್ದರೆ ತಂದೆ ಬದುಕಿದ್ದವಳನ್ನು ಬಿಟ್ಟು ಬಂದಿದ್ದರು. ಸರಿಯಾಗಿದ್ದರೆ ಮುಸ್ಸಂಜೆ ಓ ಎಂದವರು ಯಾರು ಎಂಬ ಪ್ರಶ್ನೆ ಉಳಿಯುತ್ತಿತ್ತು. ತಿಮ್ಮ ಅಂಬಿಗರು ಆ ವರ್ಷವೇ ದೋಣಿ ಬಿಟ್ಟುಕೊಟ್ಟು ಕೂಲಿಗೆ ಹೋಗತೊಡಗಿದರು. ಮಗಳ ಕಿವಿಯಲ್ಲಿ ಆ ಓ ಐವತ್ತು ವರ್ಷ ಹಾಗೇ ಉಳಿಯಿತು.

ರೋಹಿಣಿಯವರು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಒಕ್ಕೂಟಕ್ಕೆ ಬೆರಳಚ್ಚುಗಾರ್ತಿಯಾಗಿ ಸೇರಿದರು. ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದನ್ನು ದೂರದಿಂದ ನೋಡಿ ಕೈಮುಗಿದರೆ, ಇವರು ಹತ್ತಿರ ಕುಳಿತು ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದುಕೊಂಡರು. ಎರಡು ಸಾವಿರದ ಆರರಲ್ಲಿ 'ದಡ' ಶುರುವಾಯಿತು. ಅದರ ಏರ್ಪಾಡು ಸರಳ. ದೋಣಿ ಕಡಲಿಗಿಳಿಯುವ ಮುನ್ನ ತಾಂಡೇಲ, ಅಂದರೆ ದೋಣಿಯ ಯಜಮಾನ, 'ಹೊರಟೆ' ಎಂಬಲ್ಲಿ ಒತ್ತುತ್ತಾನೆ. ಅವನ ದೋಣಿಯ ಹೆಸರಿನ ಎದುರಿಗಿರುವ ಪೆಟ್ಟಿಗೆ ಕೆಂಪಾಗುತ್ತದೆ. ಮರಳಿದ ಮೇಲೆ 'ಬಂದರು' ಎಂಬಲ್ಲಿ ಒತ್ತಿದರೆ ಹಸಿರಾಗುತ್ತದೆ. ಹೊತ್ತು ಮೀರಿಯೂ ಕೆಂಪು ಕೆಂಪಾಗಿಯೇ ಇದ್ದರೆ ಹುಡುಕಲು ದೋಣಿಗಳು ಹೊರಡುತ್ತವೆ.

ಮೊದಲ ವರ್ಷವೇ ಒಬ್ಬ ತಾಂಡೇಲ, ಹೇಗೂ ದಡ ಕಾಣುತ್ತಿದೆಯಲ್ಲ ಎಂದು ಕಡಲಿನಿಂದಲೇ ಮೊಬೈಲಿನಲ್ಲಿ 'ಬಂದರು' ಒತ್ತಿಬಿಟ್ಟ. ಅಳಿವೆಯ ಬಾಯಲ್ಲಿ ದೋಣಿ ಮರಳದಿಬ್ಬಕ್ಕೆ ಬಡಿದು ಮಗುಚಿತು. ಪೆಟ್ಟಿಗೆ ಹಸಿರಾಗಿದ್ದುದರಿಂದ ಯಾರೂ ಹುಡುಕಲು ಹೋಗಲಿಲ್ಲ. ಮೂವರೂ ಈಜಿ ಬದುಕಿದ್ದು ಅವರ ಅಜ್ಜ ಮುತ್ತಜ್ಜಂದಿರ ಪುಣ್ಯ. ಅಂದಿನಿಂದ ರೋಹಿಣಿಯವರು ಒಂದು ನಿಯಮ ಮಾಡಿದರು: 'ಬಂದರು' ಎಂದು ಒತ್ತಬೇಕಾದವರು ದೋಣಿಯವರಲ್ಲ, ಮನೆಯವರು, ಅದೂ ಕಣ್ಣಾರೆ ಕಂಡ ಮೇಲೆ. ಕರ್ಕಿಯಿಂದ ಬಾಡದವರೆಗೆ ಊರೂರಿಗೆ ಹೋಗಿ ಹೆಂಗಸರನ್ನು ಕೂರಿಸಿ ಕಲಿಸಿದರು. ಓದು ಬಾರದವರಿಗೆ ಬಣ್ಣ ತೋರಿಸಿದರು. "ಬಂದವ ಬಂದೆ ಅಂದ್ರೆ ಸಾಕಾಗ, ಕಂಡವರು ಬಂದ್ರು ಅನ್ನಬೇಕು. ಕಾಣದೆ ಒತ್ತೂಕಾಗ," ಎಂದು ಅವರು ಹೇಳುತ್ತಿದ್ದುದು ಮೂರು ತಾಲೂಕಿನಲ್ಲೂ ಗಾದೆಯಾಯಿತು. ಬಾಡದಲ್ಲಿ ಅಂದು ಹಾಗೆ ಕಲಿತವರಲ್ಲಿ ಬಂಗಾರಿ ಎಂಬ ಹೆಂಗಸೂ ಒಬ್ಬರು.

ಇನ್ನು ಬಾಗಿಲಿನ ವಿಷಯ. ಜಾಲತಾಣವನ್ನು ನಾವು ನೋಡುವುದು ಬ್ರೌಸರ್ ಎಂಬ ಕಿಟಕಿಯ ಮೂಲಕ. ಆ ಕಿಟಕಿಗೂ, ಅದನ್ನು ಹೊತ್ತ ಕಂಪ್ಯೂಟರಿನ ವ್ಯವಸ್ಥೆಗೂ ವಯಸ್ಸಾಗುತ್ತದೆ. ವಯಸ್ಸಾದವಕ್ಕೆ ಹೊಸ ಬೀಗ ತೆರೆಯಲು ಬರುವುದಿಲ್ಲ. ಅವುಗಳಿಗಾಗಿ ಹಳೆಯ ಬೀಗದ ಬಾಗಿಲೊಂದನ್ನು ಇಟ್ಟುಕೊಂಡರೆ ಆ ಬೀಗ ಮುರಿಯುವುದನ್ನು ಎಂದೋ ಕಲಿತ ಕಳ್ಳರಿಗೂ ಅದೇ ಬಾಗಿಲು. ಆದ್ದರಿಂದ ಆಗಾಗ ತೀರಾ ಹಳೆಯದನ್ನು ಮುಚ್ಚಬೇಕಾಗುತ್ತದೆ. ಎಲ್ಲೆಡೆ ಇದನ್ನು ಲೆಕ್ಕ ನೋಡಿ ಮಾಡುತ್ತಾರೆ: ನೂರಕ್ಕೆ ಒಬ್ಬರಿಗಿಂತ ಕಡಿಮೆ ಉಳಿದರೆ ಮುಚ್ಚು. ರೋಹಿಣಿಯವರು ಹಾಗೆ ಮಾಡಲಿಲ್ಲ. ಹಳೆಯ ಬಾಗಿಲಿನಿಂದ ಬರುವವರಿಗೆ ಮಾತ್ರ ಕಾಣುವಂತೆ, ಹದಿನೈದು ದಿನಕ್ಕೊಮ್ಮೆ ಮೂರು ಸಲ, ಒಂದು ಸೂಚನೆ ಹಾಕುತ್ತಿದ್ದರು: 'ಈ ಬಾಗಿಲು ಮುಚ್ಚಲಿದೆ. ಯಾರಾದರೂ ಇದ್ದೀರಾ?' ಕೆಳಗೆ 'ಇದ್ದೇನೆ' ಎಂದು ಒತ್ತುವ ಜಾಗ. ಮೂರು ಸಲವೂ ಒತ್ತಿದವರ ಮನೆಗೆ ಖುದ್ದಾಗಿ ಹೋಗಿ, ಅವರನ್ನು ಹೊಸ ಬಾಗಿಲಿಗೆ ದಾಟಿಸಿ ಬಂದ ಮೇಲೆಯೇ ಹಳೆಯದಕ್ಕೆ ಅಗುಳಿ. ಒಂದು ಸಲ ಒತ್ತಿ ಸುಮ್ಮನಾದವರು ಯಾರೋ ದಾರಿಹೋಕರು ಅಥವಾ ತನ್ನಷ್ಟಕ್ಕೆ ಸುತ್ತುವ ಯಂತ್ರ, ಅವರನ್ನು ಎಣಿಸಬೇಕಿಲ್ಲ. ನಿಯಮ ಯಾರದು ಎಂದು ನಮಗೆಲ್ಲ ತಿಳಿದಿತ್ತು. ಅದನ್ನು ಬರೆದ ದಿನ ಅವರಿಗೆ ಚಿಕ್ಕಿಯ ಆ ಒಂದು ಓ ನೆನಪಾಗಿತ್ತು ಎಂಬುದು ಮಾತ್ರ ತಿಳಿದಿರಲಿಲ್ಲ.

ಈ ವ್ಯವಸ್ಥೆಯಲ್ಲಿ ಅವರು ಪಟ್ಟ ಪಾಡು ಒಂದೆರಡಲ್ಲ. ಹತ್ತು ವರ್ಷದ ಹಿಂದೆ ಮೊದಲ ಸಲ ಬಾಗಿಲು ಮುಚ್ಚುವಾಗ, ಭಟ್ಕಳದ ಬಂದರಿನ ಬಳಿ ಇಂಜಿನ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಇಸ್ಮಾಯಿಲ್ ಕೋಲಾ ಸಾಹೇಬರು ಮೂರು ಸಲವೂ ಒತ್ತಿ ಕುಳಿತಿದ್ದರು. ಇವರು ಬಸ್ಸು ಹತ್ತಿ ಹೋದರು. "ಬೆಹೆನ್, ಇದು ಚಾಲೂ ಇದೆಯಲ್ಲ. ಚಾಲೂ ಇರೋದನ್ನ ಯಾಕೆ ಬಂದ್ ಮಾಡೋದು?" ಎಂಬ ಒಂದೇ ಪ್ರಶ್ನೆಯನ್ನು ಸಾಹೇಬರು ಎರಡು ದಿನ ಕೇಳಿದರಂತೆ, ಇವರು ಎರಡು ದಿನ ಉತ್ತರಿಸಿದರಂತೆ. ಕೊನೆಗೆ ಹೊಸ ಕಂಪ್ಯೂಟರ್ ಕೂರಿಸಿ ಹೊರಟಾಗ ಸಾಹೇಬರು, "ಬಾಗಿಲು ಹಾಕೋರು ಬಹಳ ಜನ ಇದ್ದಾರೆ. ಹಾಕೋ ಮೊದಲು ಒಳಗೆ ಯಾರಿದ್ದಾರೆ ಅಂತ ನೋಡೋರು ನೀವೊಬ್ಬರೇ," ಎಂದು ಬಸ್ ನಿಲ್ದಾಣದವರೆಗೆ ಬಂದು ಬಿಟ್ಟು ಹೋದರು.

ಹೀಗೆ ಎರಡು ಬಾಗಿಲು ಮುಚ್ಚಿ, ಕಟ್ಟಕಡೆಯ ಒಂದು ಹಳೆಯ ಬಾಗಿಲು ಉಳಿದಿತ್ತು. ಎರಡು ಸಾವಿರದ ಇಪ್ಪತ್ತಮೂರರ ನವೆಂಬರಿನಲ್ಲಿ ಯಾರೋ ಅದರ ಮೂಲಕ ನುಸುಳಿ, ಕಡಲಿನಲ್ಲಿದ್ದ ಹದಿನಾಲ್ಕು ದೋಣಿಗಳನ್ನು ಹಸಿರು ಮಾಡಿಬಿಟ್ಟರು. ಅಂದು ಕಡಲು ಶಾಂತವಾಗಿತ್ತು, ಎಲ್ಲರೂ ಬಂದರು. ಗಾಳಿಯ ದಿನವಾಗಿದ್ದರೆ ಹದಿನಾಲ್ಕು ದೋಣಿಯವರನ್ನು ಹುಡುಕಲು ಒಬ್ಬನೂ ಹೊರಡುತ್ತಿರಲಿಲ್ಲ. ಕಮಲಾಕರ ಶಾನಭಾಗರು ಇವರನ್ನು ಕರೆದು, "ರೋಹಿಣಿಬಾಯಿ, ಹಳೆ ಬೀಗ ಇಟ್ಕಂಡು ಕಳ್ಳ ಬಂದ ಅಂತ ಹೇಳೂದು ಎಂತಕ್ಕೆ? ನೀವು ನಿವೃತ್ತಿ ಆಗೂ ದಿನ ನಿಮ್ಮ ಕೈಯಿಂದ್ಲೇ ಮುಚ್ಚಿಬಿಡಿ," ಎಂದರು. ಅಧ್ಯಕ್ಷರ ಮಾತು ನೂರಕ್ಕೆ ನೂರು ಸರಿಯಾಗಿತ್ತು, ರೋಹಿಣಿಯವರೂ ಒಪ್ಪಿದರು. ಮೇ ಮೂವತ್ತೊಂದು, ಸಂಜೆ ನಾಲ್ಕು ಎಂದು ಗೊತ್ತಾಯಿತು. ಮರುದಿನದಿಂದ ಮಳೆಗಾಲದ ಮೀನುಗಾರಿಕೆ ನಿಷೇಧ, ದೋಣಿಗಳೆಲ್ಲ ಹೇಗೂ ದಡದಲ್ಲಿರುತ್ತವೆ.

ಏಪ್ರಿಲ್ ಹದಿನೈದಕ್ಕೆ ಮೊದಲ ಕೂಗು. ಅರವತ್ಮೂರು ಮಂದಿ 'ಇದ್ದೇನೆ' ಎಂದರು. ಅರವತ್ತೆರಡು ಮಂದಿ ಮೂರು ಸಲವೂ ಒತ್ತಿದರು, ಅವರನ್ನು ಮೇ ತಿಂಗಳು ಮುಗಿಯುವುದರೊಳಗೆ ಹೊಸ ಬಾಗಿಲಿಗೆ ದಾಟಿಸಿದ್ದಾಯಿತು. ಉಳಿದ ಒಬ್ಬರು ಎರಡನೆಯ ಕೂಗಿಗೂ ಮೂರನೆಯ ಕೂಗಿಗೂ ಓಗೊಡಲಿಲ್ಲ. ಆದರೆ ದಿನವೂ ಬರುತ್ತಿದ್ದರು.

ಇದನ್ನು ಮೊದಲು ಕಂಡವಳು ಮಾವಳ್ಳಿಯ ಧನ್ಯಾ ನಾಯ್ಕ, ರೋಹಿಣಿಯವರು ತಮ್ಮ ಜಾಗಕ್ಕೆಂದು ಎರಡು ವರ್ಷ ತಿದ್ದಿ ತಯಾರು ಮಾಡಿದ ಇಂಜಿನಿಯರ್. ಬಂದವರ ದಾಖಲೆಯನ್ನು ಅವಳು ಹಿಂದೆ ಹಿಂದೆ ಸರಿಸುತ್ತ ಹೋದಳು. ಹದಿನೈದು ವರ್ಷ ಹಳೆಯ ಕಿಟಕಿ, ಅದಕ್ಕಿಂತ ಹಳೆಯ ವ್ಯವಸ್ಥೆ. ಬರುವುದು ಬಾಡದ ಕಡೆಯಿಂದ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ, ಒಂದು ದಿನವೂ ಹಿಂದುಮುಂದಿಲ್ಲ. ಒಂದೇ ದೋಣಿಯ ಪೆಟ್ಟಿಗೆಯನ್ನು ತೆರೆದು ನೋಡುತ್ತದೆ, ಒಂದು ನಿಮಿಷದೊಳಗೆ ಹೋಗುತ್ತದೆ.

"ಮೇಡಂ, ಇದು ಮನುಷ್ಯರಲ್ಲ. ಯಾವ್ದೋ ಯಂತ್ರ ತನ್ನಷ್ಟಕ್ಕೆ ಬರ್ತಾ ಉಂಟು," ಎಂದಳು.

ರೋಹಿಣಿಯವರು ದಾಖಲೆಯನ್ನು ಓದಿದರು. "ಯಂತ್ರ ಆದ್ರೆ ದಿನಾ ಬರಬೇಕಲ್ಲ ಧನ್ಯಾ. ಜೂನ್ ಜುಲೈ ಅರವತ್ತೊಂದು ದಿನ ಬರಲಿಲ್ಲ ನೋಡು. ಆಗಸ್ಟ್ ಒಂದಕ್ಕೆ ಮತ್ತೆ ಬಂದದೆ. ಗಾಳಿ ಎಚ್ಚರಿಕೆ ಕೊಟ್ಟ ದಿನಾನೂ ಬರಲಿಲ್ಲ. ದೋಣಿ ಕಡಲಿಗೆ ಹೋದ ದಿನ ಮಾತ್ರ ಬರೂದು."

ಧನ್ಯಾ ಕುರ್ಚಿಯನ್ನು ಪರದೆಯಿಂದ ಒಂದು ಮೊಳ ಹಿಂದಕ್ಕೆ ಸರಿಸಿ, ಆ ಪೆಟ್ಟಿಗೆ ಯಾರದೆಂದು ತೆಗೆದು ತೋರಿಸಿದಳು. ತಾಂಡೇಲ ಸಣ್ಣ, ಪೂರ್ಣ ಹೆಸರು ಸಣ್ಣ ರಾಮ ಹರಿಕಂತ್ರ, ಊರು ಬಾಡ. 'ಹೊರಟೆ' ಎಂದು ಒತ್ತಿದ್ದು ಎರಡು ಸಾವಿರದ ಒಂಬತ್ತರ ಅಕ್ಟೋಬರಿನ ಒಂದು ಬೆಳಿಗ್ಗೆ. ಅಂದು ಮಧ್ಯಾಹ್ನ ಎದ್ದ ಗಾಳಿಗೆ ಸಿಕ್ಕ ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಮನೆಯವರು ಕೇಳಿಕೊಳ್ಳದೆ ಯಾವ ದೋಣಿಯನ್ನೂ ದಾಖಲೆಯಿಂದ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಸಣ್ಣನ ಮನೆಯವರು ಕೇಳಿರಲಿಲ್ಲ. ಹದಿನೈದು ವರ್ಷದಿಂದ ಆ ಪೆಟ್ಟಿಗೆ ಕೆಂಪಾಗಿಯೇ ಇತ್ತು. ಮತ್ತು ದಿನವೂ ಮೂರು ನಲವತ್ತಕ್ಕೆ ಅದನ್ನು ತೆರೆದು ನೋಡುತ್ತಿದ್ದುದು ಸಣ್ಣನ ಹೆಸರಿನ ಖಾತೆಯೇ.

ಶಾನಭಾಗರು ಕೇಳಿ ನಕ್ಕರು. "ನಿಮ್ಮದೇ ನಿಯಮ ಬಾಯಿ, ಒಂದು ಸಲ ಓ ಅಂದವ್ರನ್ನ ಲೆಕ್ಕ ಹಿಡೂದಿಲ್ಲ." ಆ ಮಾತು ರೋಹಿಣಿಯವರಿಗೆ ನಾಟಿತು. ಆಚೆ ದಡದಲ್ಲಿ ಮತ್ತೆ ಯಾರೋ ಒಂದೇ ಸಲ ಓ ಎಂದಿದ್ದರು, ಹಗ್ಗ ಈ ಸಲ ತಮ್ಮ ಕೈಯಲ್ಲಿತ್ತು.

ಸಣ್ಣನ ಹೆಂಡತಿ ಬಂಗಾರಿಯೇ ಗಂಡನ ಖಾತೆಯಿಂದ ದಿನವೂ ನೋಡುತ್ತಿರಬೇಕು ಎಂದು ಊಹಿಸಿ, ಮೇ ಇಪ್ಪತ್ತರಂದು ಅವರು ಬಾಡಕ್ಕೆ ಹೋದರು. ಬದಲಿಗೆ ಕೊಡಲೆಂದು ಒಂದು ಹೊಸ ಫೋನನ್ನೂ ಚೀಲದಲ್ಲಿ ಹಾಕಿಕೊಂಡಿದ್ದರು. ಗಾಳಿಮರಗಳ ಹಿಂದೆ ಹೆಂಚಿನ ಪುಟ್ಟ ಮನೆ, ಮುಂದೆ ಹಲಗೆ ಹಾಸಿದ ಜಗಲಿ, ಅಂಗಳದಲ್ಲಿ ಒಣಗಲು ಹಾಕಿದ ಬಂಗಡೆ ಮೀನು. ಬಂಗಾರಿಯವರು ಕಾಗೆ ಓಡಿಸುತ್ತ ಕುಳಿತಿದ್ದರು. ಇವರ ಗುರುತು ಕೂಡಲೇ ಹಿಡಿದರು.

"ಅಕ್ಕೋರೆ, ನೀವು ಪೆಟ್ಟಿಗೆ ಕಲಿಸಿದವ್ರಲ್ಲ? ಬನ್ನಿ, ಒಳಗೆ ಬನ್ನಿ."

ರೋಹಿಣಿಯವರು ಬಂದ ಕಾರಣ ಹೇಳಿದರು. ಬಂಗಾರಿಯವರು ಪೂರ್ತಿ ಕೇಳಿ ತಲೆಯಾಡಿಸಿದರು.

"ಅದು ನಾನಲ್ಲ. ಅವ್ರು ಹೋದ ಮೇಲೆ ಏಳು ವರ್ಷ ದಿನಾ ನೋಡ್ದೆ, ಸುಳ್ಳಲ್ಲ. ಮೂರೂ ನಲವತ್ತಕ್ಕೆ, ಅದು ಅವ್ರು ಮನೆಗೆ ಬರೂ ಹೊತ್ತು. ಆಮೇಲೆ ಮಿಶನ್ನೇ ಸತ್ತೋತು. ಎಂಟು ವರ್ಷ ಆತು."

ಮೂಲೆಯಲ್ಲಿ ಹಳೆಯ ಸೀರೆ ಸುತ್ತಿ ಇಟ್ಟಿದ್ದ ಕಂಪ್ಯೂಟರನ್ನು ತೋರಿಸಿದರು. ಸಹಕಾರಿ ಸಂಘ ಕೈಬಿಟ್ಟದ್ದನ್ನು ಸಣ್ಣ ತಂದು ಕೂರಿಸಿದ್ದು. ರೋಹಿಣಿಯವರು ಸೀರೆ ಬಿಚ್ಚಿ ಹಿಂದಿನ ಮುಚ್ಚಳ ತೆಗೆದರು. ಉಪ್ಪುಗಾಳಿಗೆ ಒಳಗೆಲ್ಲ ತುಕ್ಕು ಹಿಡಿದು ಪುಡಿಯಾಗಿತ್ತು. ತಂತಿಗಳಿದ್ದಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗೂಡೂ ಹಳತಾಗಿ ಬಿರುಕು ಬಿಟ್ಟಿತ್ತು. ಗೋಡೆಯ ಗಡಿಯಾರ ಮೂರು ಮೂವತ್ತೆಂಟು ತೋರಿಸುತ್ತಿತ್ತು. ಎರಡು ನಿಮಿಷ ಕಳೆದ ಮೇಲೆ ಹೊನ್ನಾವರದಿಂದ ಧನ್ಯಾಳ ಫೋನು ಬಂತು.

"ಮೇಡಂ, ಈಗ ಬಂತು. ಅದೇ ಖಾತೆ."

ರೋಹಿಣಿಯವರು ಮುಚ್ಚಳ ಹಿಡಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು. ಹೊರಗೆ ಕಾಗೆಗಳು ಸುಮ್ಮನಾಗಿದ್ದವು. ಅವರಿಗೆ ಭಯವಾಯಿತು, ಅದನ್ನು ಅವರು ಮುಚ್ಚಿಡುವುದಿಲ್ಲ. ಬಂಗಾರಿಯವರ ಮುಖದಲ್ಲಿ ಭಯ ಇರಲಿಲ್ಲ.

"ಅವ್ರೇ ಇರಬೇಕು," ಎಂದರು. "ಕಡಲಿಂದ ಬಂದವ್ರು ಜಗಲಿ ಮೇಲೆ ಕೂತು, 'ಒತ್ತಿದ್ಯಾ?' ಅಂತ ಕೇಳೂರು. ನಾನು ಬಾಗಿಲಿಗೆ ಬಂದು ಕಂಡು, ಒಳಗೆ ಹೋಗಿ ಒತ್ತಿ, 'ಆತು' ಅಂದ ಮೇಲೇ ಒಳಗೆ ಬರೂದು. ಅಕ್ಕೋರು ಹೇಳಿದ ಪದ್ಧತಿ ಮುರಿಯೂಕಾಗ ಅಂತ. ಈಗ್ಲೂ ಅದನ್ನೇ ನೋಡ್ತಿದ್ರು ಕಾಣ್ತದೆ, ನಾನು ಒತ್ತಿದ್ನಾ ಇಲ್ವಾ ಅಂತ."

"ನೀವು ಯಾಕೆ ಒತ್ತಲಿಲ್ಲ ಬಂಗಾರಕ್ಕ?"

"ಕಾಣದೆ ಒತ್ತೂಕಾಗ ಅಂತ ನೀವೇ ಹೇಳಿದ್ರಲ್ಲ."

ಕುಮಟೆಗೆ ಹೋಗುವ ಬಸ್ಸಿನಲ್ಲಿ ಅವರು ಯೋಚಿಸಿದ್ದನ್ನು ಆಮೇಲೆ ನಮಗೆ ಬಿಡಿಸಿ ಹೇಳಿದ್ದಾರೆ. ಬಾಗಿಲು ಮುಚ್ಚದಿದ್ದರೆ ಸಾವಿರಾರು ಬದುಕಿದ ದೋಣಿಯವರ ಜೀವ ಕಳ್ಳರ ಕೈಯಲ್ಲಿ. ಮುಚ್ಚಿದರೆ, ಆ ಬಾಗಿಲನ್ನಲ್ಲದೆ ಬೇರೊಂದನ್ನು ಅರಿಯದ ಒಬ್ಬರಿಗೆ ತಮ್ಮ ಕೆಂಪು ಪೆಟ್ಟಿಗೆಯೂ ಕಾಣದೆ ಹೋಗುತ್ತದೆ. ಜಗಲಿಯ ಮೇಲೆ ಕುಳಿತವರನ್ನು ಒಳಗೂ ಕರೆಯದೆ ಕದ ಹಾಕಿದ ಹಾಗೆ. ಹೊಸ ಬಾಗಿಲಿಗೆ ದಾಟಿಸೋಣವೆಂದರೆ ಅವರ ಕೈಗೆ ಫೋನು ಕೊಡುವುದು ಹೇಗೆ? ತಾವೇ ಕೂತು ಪೆಟ್ಟಿಗೆಯನ್ನು ಹಸಿರು ಮಾಡಬಹುದಿತ್ತು, ಅರ್ಧ ನಿಮಿಷದ ಕೆಲಸ. ಕಾಣದೆ ಒತ್ತಿದ ಹಸಿರಿಗೆ ಏನು ಬೆಲೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು. ಹನ್ನೊಂದು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಕಚೇರಿಯಲ್ಲಿ ನಾವೆಲ್ಲ ಇದು ನಿವೃತ್ತಿಯ ಬೇಸರ ಎಂದು ತಿಳಿದು, ಸಮಾಧಾನಕ್ಕೆಂದು ಬೀಳ್ಕೊಡುಗೆಯ ಊಟದ ಬಗ್ಗೆ ಮಾತಾಡುತ್ತಿದ್ದೆವು.

ಮೇ ಮೂವತ್ತೊಂದರಂದು ಅವರು ಬೆಳಿಗ್ಗೆ ಕಚೇರಿಗೆ ಬಂದು ಸಹಿ ಹಾಕಿ, ಧನ್ಯಾಳಿಗೆ ದಾಖಲೆಯ ಮುಂದೆ ಕೂರಲು ಹೇಳಿ, ಬಾಡಕ್ಕೆ ಹೊರಟರು. ಮೂರೂವರೆಗೆ ಬಂಗಾರಿಯವರ ಮನೆಯೊಳಗೆ, ಬಾಗಿಲಿಗೆ ಬೆನ್ನು ಹಾಕಿ, ಸೀರೆ ಸುತ್ತಿದ ಯಂತ್ರದ ಎದುರು ಕುಳಿತರು. ಹೊಸ ಫೋನಿನಲ್ಲಿ ಬಂಗಾರಿಯವರ ಗುಟ್ಟಿನ ಪದ ಹಾಕಿ ಸಣ್ಣನ ಪೆಟ್ಟಿಗೆಯನ್ನು ತೆರೆದಿಟ್ಟರು. ತಮ್ಮ ಫೋನಿನಲ್ಲಿ ಧನ್ಯಾ ಕೇಳಿಸುತ್ತಿದ್ದಳು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು.

"ಬಂಗಾರಕ್ಕ, ನಾಲ್ಕಕ್ಕೆ ಆ ಬಾಗಿಲು ಹಾಕಬೇಕು. ಅದರ ಮೊದ್ಲು ನೀವೊಮ್ಮೆ ಹೊರಗೆ ನೋಡಿ. ಕಂಡದ್ದನ್ನ ಕಂಡಂಗೆ ಹೇಳಿ. ಕಾಣದಿದ್ರೆ ಕಾಣಲಿಲ್ಲ ಅಂತ ಹೇಳಿ, ಆತಾ?"

"ಆತು."

ಮೂರು ನಲವತ್ತು. "ಬಂತು ಮೇಡಂ," ಎಂದಳು ಧನ್ಯಾ.

ಬಂಗಾರಿಯವರು ಎದ್ದು ಬಾಗಿಲಿಗೆ ಹೋದರು. ಜಗಲಿಯ ಹಲಗೆ ಕಿರುಗುಟ್ಟಿತು, ಯಾರೋ ಭಾರ ಇಳಿಸಿ ಕುಳಿತಾಗ ಆಗುವಷ್ಟು. ಬಂಗಾರಿಯವರು ಹೊಸಿಲಿನ ಒಳಗೇ ನಿಂತಿದ್ದರು. ಅವರ ಕಾಲು ಹಲಗೆಗೆ ತಾಗಿರಲಿಲ್ಲ. ಒಣಮೀನಿನ ವಾಸನೆಯ ನಡುವೆ ಕಡಲಿನ ಹಸಿ ವಾಸನೆಯೊಂದು ಒಳಗೆ ಬಂತು. ಎಷ್ಟು ಹೊತ್ತು ನಿಂತರೋ ಏನೋ, ತಿರುಗಿ ಬಂದು ಇವರ ಎದುರು ಕುಳಿತಾಗ ಬಂಗಾರಿಯವರ ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಬಂದ್ರು ಅಕ್ಕೋರೆ."

"ಕಣ್ಣಾರೆ ಕಂಡ್ರಾ ಬಂಗಾರಕ್ಕ?"

"ಕಂಡೆ."

ಕತ್ತು ತಿರುಗಿಸಿದರೆ ರೋಹಿಣಿಯವರೂ ನೋಡಬಹುದಿತ್ತು. ತಿರುಗಿಸಲಿಲ್ಲ. ಮನೆಯವರು ಕಂಡರೆ ಸಾಕು ಎಂಬುದು ಅವರೇ ಮಾಡಿದ ನಿಯಮ, ಅದಕ್ಕೆ ಮೇಲೊಬ್ಬ ಸಾಕ್ಷಿ ಬೇಕೆಂದು ಎಲ್ಲಿಯೂ ಬರೆದಿಲ್ಲ. ಫೋನನ್ನು ಮುಂದೆ ಸರಿಸಿದರು. ಬಂಗಾರಿಯವರು ಸೆರಗಿನಿಂದ ಬೆರಳು ಒರೆಸಿಕೊಂಡು ಒತ್ತಿದರು. ಹದಿನೈದು ವರ್ಷದ ಕೆಂಪು ಹಸಿರಾಯಿತು. ಬಂಗಾರಿಯವರು ಬಾಗಿಲ ಕಡೆ ಮುಖ ಮಾಡಿ, ಜೋರಾಗಿಯೂ ಅಲ್ಲದೆ ಮೆಲ್ಲಗೂ ಅಲ್ಲದೆ, "ಆತು," ಎಂದರು.

ಒಂದು ನಿಮಿಷಕ್ಕಿಂತ ಹೆಚ್ಚು ಎಂದೂ ನಿಲ್ಲದಿದ್ದ ಆ ಖಾತೆ ಅಂದು ಹದಿನೇಳು ನಿಮಿಷ ನಿಂತಿತ್ತು ಎಂದು ದಾಖಲೆಯಲ್ಲಿದೆ. ಮೂರು ಐವತ್ತೇಳಕ್ಕೆ, "ಹೋಯ್ತು ಮೇಡಂ," ಎಂದಳು ಧನ್ಯಾ. "ಹಂಗಾದ್ರೆ ಬಾಗಿಲು ಹಾಕು," ಎಂದರು ರೋಹಿಣಿಯವರು. ಧನ್ಯಾ ಹಾಕಿದಳು. ಬಂಗಾರಿಯವರು ಮೂರು ತಟ್ಟೆಯಲ್ಲಿ ಗಂಜಿ ಬಡಿಸಿ ಒಂದನ್ನು ಜಗಲಿಯ ಮೇಲಿಟ್ಟು ಬಂದರು. ಹನ್ನೊಂದು ದಿನದ ಮೇಲೆ ರೋಹಿಣಿಯವರು ಹೊಟ್ಟೆ ತುಂಬ ಉಂಡರು. ಹೊನ್ನಾವರದಲ್ಲಿ ಜನ ಅವರ ದಾರಿ ಕಾಯತೊಡಗಿದ್ದುದು ಸುಮಾರು ಅದೇ ಹೊತ್ತಿಗೆ. ಅವರು ಹೊರಡುವಾಗ ಜಗಲಿಯ ತಟ್ಟೆ ಬರಿದಾಗಿತ್ತು. ಕಾಗೆ ತಿಂದಿರಬಹುದು, ಬಾಡದಲ್ಲಿ ಕಾಗೆಗೇನು ಬರ. ತಟ್ಟೆಯನ್ನು ತೊಳೆದು ಬೋರಲು ಹಾಕಿದ್ದನ್ನು ಮಾತ್ರ ಕಾಗೆಯ ತಲೆಗೆ ಕಟ್ಟಲು ಬರುವುದಿಲ್ಲ.

ಆ ಜೂನಿನಲ್ಲಿ ಬಂಗಾರಿಯವರು ಗಂಡನ ಉತ್ತರಕ್ರಿಯೆ ಮಾಡಿಸಿದರು. ಹದಿನೈದು ವರ್ಷ ಯಾಕೆ ಮಾಡಿಸಲಿಲ್ಲ ಎಂದು ನೆಂಟರು ಕೇಳಿದ್ದಕ್ಕೆ, "ಬಂದವ್ರನ್ನ ಕಳಿಸಬಹುದು. ಬರದೇ ಇದ್ದವ್ರನ್ನ ಹೆಂಗೆ ಕಳಿಸೂದು?" ಎಂದರಂತೆ. ಆಗಸ್ಟ್ ಒಂದಕ್ಕೆ ದೋಣಿಗಳು ಮತ್ತೆ ಕಡಲಿಗಿಳಿದವು. ಧನ್ಯಾ ಅಂದು ಮೂರು ನಲವತ್ತಕ್ಕೆ ದಾಖಲೆಯ ಮುಂದೆ ಕುಳಿತಿದ್ದಳು, ಯಾರೂ ಬರಲಿಲ್ಲ. ಈಗಲೂ ಆ ಹೊತ್ತಿಗೆ ಅವಳ ಕಣ್ಣು ಒಮ್ಮೆ ಅತ್ತ ಹೋಗುತ್ತದೆ.

ನಿವೃತ್ತಿಯ ಮರುವಾರ ರೋಹಿಣಿಯವರು ಒಬ್ಬರೇ ತಮ್ಮ ತಂದೆಯ ತಾರಿಬಾಗಿಲಿಗೆ ಹೋದರು. ಸೇತುವೆ ದಾಟಿ ಆಚೆ ಕಟ್ಟೆಯ ಹೊನ್ನೆ ಮರದ ಬುಡದಲ್ಲಿ ಒಂದಿಷ್ಟು ಹೊತ್ತು ನಿಂತು, "ಚಿಕ್ಕಿ, ಏಳು, ಹೋಪಾ," ಎಂದು ಜೊತೆಗೆ ಕರೆದರು. ಆಮೇಲೆ ಸೇತುವೆಯ ಮೇಲೆ, ಕಾಲು ನೋಯುವವರ ಜೊತೆ ನಡೆಯುವಾಗ ನಡೆಯುವಷ್ಟು ನಿಧಾನವಾಗಿ, ಹಿಂತಿರುಗಿ ನೋಡದೆ ಈಚೆ ದಡಕ್ಕೆ ಬಂದರು. ದಾರಿಯಲ್ಲಿ ಸಿಕ್ಕ ಪರಿಚಯದವರೊಬ್ಬರು, ಜೊತೆಗಿದ್ದವರು ಯಾರು ಎಂದು ಮರುದಿನ ಕೇಳಿದರಂತೆ. ಆ ರಾತ್ರಿ ಐವತ್ತು ವರ್ಷದಲ್ಲಿ ಮೊದಲ ಸಲ ಆ ಓ ಕಿವಿಯಲ್ಲಿ ಇರಲಿಲ್ಲ ಎಂದಷ್ಟೇ ರೋಹಿಣಿಯವರು ನಮ್ಮಲ್ಲಿ ಹೇಳಿದ್ದಾರೆ.

'ದಡ'ದ ದಾಖಲೆಯಲ್ಲಿ ಇನ್ನೂ ಆರು ಪೆಟ್ಟಿಗೆಗಳು ಕೆಂಪಾಗಿವೆ. ಸಂಬಳವಿಲ್ಲದ, ಆದೇಶವಿಲ್ಲದ ಕೆಲಸವಾದರೂ ರೋಹಿಣಿಯವರು ಆ ಆರು ಮನೆಗಳಿಗೂ ಈಗ ಹೋಗಿಬರುತ್ತಿದ್ದಾರೆ. ಆ ಕೆಲಸ ಮುಗಿಯುವಷ್ಟು, ಮುಗಿದ ಮೇಲೂ ಬಹುಕಾಲ ನೆಮ್ಮದಿಯಿಂದ ಕೂರುವಷ್ಟು ಆಯುಷ್ಯವನ್ನೂ ಆರೋಗ್ಯವನ್ನೂ ಹೊನ್ನಾವರದ ದೈವದೇವರುಗಳು ಅವರಿಗೆ ಕೊಡಲಿ. ಅಂದು ಖಾಲಿ ಕುರ್ಚಿಗೆ ಹೊದೆಸಿದ ಶಾಲನ್ನು ಶಾನಭಾಗರು ಮಡಿಸಿ ಎತ್ತಿಟ್ಟಿದ್ದಾರೆ. ಈ ಸಂಪುಟ ಬಿಡುಗಡೆಯಾಗುವ ದಿನ ಅವರೇ ಬಂದು ಹೊದ್ದುಕೊಳ್ಳಬೇಕು. ಮುಂದೆಂದೋ, ಬಹಳ ತಡವಾಗಿ, ಅವರೂ 'ಹೊರಟೆ' ಎಂದು ಒತ್ತುವ ದಿನ ಬಂದಾಗ, ಆಚೆ ದಡದಲ್ಲಿ ಕಣ್ಣಾರೆ ಕಂಡು 'ಬಂದಳು' ಎನ್ನಲು ಚಿಕ್ಕಿ ಎದ್ದು ನಿಂತಿರಲಿ ಎಂಬುದು ನಮ್ಮ ಹಾರೈಕೆ.